ಮಗುವಿನ ಉಡುಗೊರೆ ಹಣ: ಎಲ್ಲಿ ಇಟ್ಟರೆ ಹಿತ?

ತೊಟ್ಟಿಲು ಶಾಸ್ತ್ರ, ಜಾವಳ, ಮೊದಲ ಹುಟ್ಟುಹಬ್ಬ ಹೀಗೆ ಒಂದೊಂದು ಸಂದರ್ಭದಲ್ಲೂ ಅಜ್ಜ-ಅಜ್ಜಿ, ಸೋದರಮಾವ, ನೆರೆಹೊರೆಯವರು ಮಗುವಿನ ಕೈಯಲ್ಲಿ ನೋಟು ಇಡುವುದು ಉತ್ತರ ಕರ್ನಾಟಕದ ರೂಢಿ. ಧಾರವಾಡದ ಅಂಚಿನಲ್ಲಿ, ಪುಣೆ-ಬೆಂಗಳೂರು ಹೆದ್ದಾರಿಗೆ ಹೊಂದಿಕೊಂಡಿರುವ ಬೇಲೂರು ಕೈಗಾರಿಕಾ ಪ್ರದೇಶದಂತಹ ಕಡೆ ದುಡಿಯುವ ಕುಟುಂಬಗಳಿಗೆ ಈ ಹಣ ಸಣ್ಣದಲ್ಲ. ಆದರೆ ಅದು ತಂದೆಯ ಸಂಬಳದ ಖಾತೆ ಸೇರಿದರೆ ಮನೆ ಬಾಡಿಗೆ, ಕಿರಾಣಿಯಲ್ಲಿ ಕರಗಿಹೋಗುತ್ತದೆ. ಆದ್ದರಿಂದ ಮೊದಲ ಕೆಲಸ, ಹಣವನ್ನು ಮಗುವಿನ ಹೆಸರಿನಲ್ಲೇ ಬೇರೆ ಇಡುವುದು.

ಬ್ಯಾಂಕ್ ಖಾತೆ

ಪಾಲಕರ ಮೂಲಕ ಯಾವುದೇ ವಯಸ್ಸಿನ ಮಗುವಿಗೂ ಬ್ಯಾಂಕ್ ಅಥವಾ ಅಂಚೆ ಕಚೇರಿಯಲ್ಲಿ ಉಳಿತಾಯ ಖಾತೆ ತೆರೆಯಬಹುದು. ಮಗುವಿನ ಜನನ ಪ್ರಮಾಣಪತ್ರ, ಪಾಲಕರ ಆಧಾರ್ ಮತ್ತು ಪ್ಯಾನ್ ಸಿದ್ಧವಿರಬೇಕು. ಧಾರವಾಡದಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಂದು ಕರ್ನಾಟಕ ಗ್ರಾಮೀಣ ಬ್ಯಾಂಕಿನೊಂದಿಗೆ ಒಂದಾಗಿರುವುದರಿಂದ, ಅದರ ಹಳೆಯ ಪಾಸ್‌ಬುಕ್ ಉಳ್ಳವರು ಶಾಖೆಯಲ್ಲಿ ಖಾತೆಯ ವಿವರಗಳನ್ನು ಖಚಿತಪಡಿಸಿಕೊಳ್ಳುವುದು ಒಳಿತು.

ಉಳಿತಾಯ ಖಾತೆ ಹಣ ಸೇರಿಸುವ ತಾಣವೇ ಹೊರತು ಬೆಳೆಸುವ ತಾಣವಲ್ಲ. ಶೇ. 4ರ ಬಡ್ಡಿಯಲ್ಲಿ ರೂ. 10,000 ಇಪ್ಪತ್ತೊಂದು ವರ್ಷಗಳಲ್ಲಿ ಸುಮಾರು ರೂ. 22,800 ಆಗುತ್ತದೆ. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ, ಇಂದು ರೂ. 10,000ಕ್ಕೆ ಸಿಗುವ ವಸ್ತುವಿಗೆ ಅಂದು ಸುಮಾರು ರೂ. 34,000 ಬೇಕು.

ಹೆಣ್ಣುಮಗುವಿಗೆ ಸುಕನ್ಯಾ ಸಮೃದ್ಧಿ

2015ರ ಜನವರಿಯಲ್ಲಿ ಆರಂಭವಾದ ಈ ಯೋಜನೆ 10 ವರ್ಷದೊಳಗಿನ ಬಾಲಕಿಯರಿಗೆ ಮೀಸಲು. ವರ್ಷಕ್ಕೆ ಕನಿಷ್ಠ ರೂ. 250, ಗರಿಷ್ಠ ರೂ. 1.5 ಲಕ್ಷ. ಹಣ ತುಂಬುವುದು 15 ವರ್ಷ, ಅವಧಿ ಮುಗಿಯುವುದು ಖಾತೆ ತೆರೆದ 21 ವರ್ಷಕ್ಕೆ. 2024ರ ಜನವರಿಯಲ್ಲಿ ಬಡ್ಡಿ ಶೇ. 8.2ಕ್ಕೆ ಏರಿತು, ಸರಕಾರ ಮೂರು ತಿಂಗಳಿಗೊಮ್ಮೆ ಇದನ್ನು ಪರಿಶೀಲಿಸುತ್ತದೆ. ಅದೇ ದರ ಉಳಿದರೆ ಮೊದಲ ವರ್ಷ ಇಟ್ಟ ರೂ. 10,000 ಸುಮಾರು ರೂ. 52,000 ಆಗುತ್ತದೆ. ಒಮ್ಮೆ ತುಂಬಿ ಮರೆಯುವಂತಿಲ್ಲ, ಪ್ರತಿ ವರ್ಷದ ಕನಿಷ್ಠ ಕಂತು ಕಡ್ಡಾಯ. ಉನ್ನತ ಶಿಕ್ಷಣಕ್ಕಾಗಿ ಅರ್ಧದವರೆಗಿನ ಹಣ ತೆಗೆಯಲು ಮಗಳಿಗೆ 18 ತುಂಬಿರಬೇಕು ಅಥವಾ ಆಕೆ ಹತ್ತನೆಯ ತರಗತಿ ತೇರ್ಗಡೆಯಾಗಿರಬೇಕು. ನೌಕರಿ ಬದಲಿಸಿ ಬೇರೆ ಊರಿಗೆ ಹೋದರೂ ಖಾತೆಯನ್ನು ವರ್ಗಾಯಿಸಿಕೊಳ್ಳಬಹುದು.

ಗಂಡುಮಗುವಿಗೆ

ಸಾರ್ವಜನಿಕ ಭವಿಷ್ಯ ನಿಧಿ, ಅಂದರೆ ಪಿಪಿಎಫ್, ಇಲ್ಲಿ ಸಮೀಪದ ಆಯ್ಕೆ. ಅವಧಿ 15 ವರ್ಷ, ವಾರ್ಷಿಕ ಕನಿಷ್ಠ ರೂ. 500. ಪಾಲಕರ ಮತ್ತು ಮಗುವಿನ ಖಾತೆಗಳೆರಡೂ ಸೇರಿ ರೂ. 1.5 ಲಕ್ಷದ ಮಿತಿ ಅನ್ವಯಿಸುತ್ತದೆ. ಹತ್ತು ವರ್ಷಕ್ಕೂ ಮೀರಿ ಕಾಯಬಲ್ಲವರು ಸ್ವಲ್ಪ ಭಾಗವನ್ನು ಮ್ಯೂಚುವಲ್ ಫಂಡ್‌ನಲ್ಲಿ ಇಡಬಹುದು. ಅಲ್ಲಿ ಏರಿಳಿತವಿದೆ, ಖಚಿತ ಬಡ್ಡಿಯಿಲ್ಲ. ಶಾಲಾ ಪ್ರವೇಶದಂತಹ ಸಮೀಪದ ಖರ್ಚಿಗೆ ನಿಶ್ಚಿತ ಠೇವಣಿಯೇ ಸೂಕ್ತ.

ಎಚ್ಚರಿಕೆ

ಹೆಚ್ಚಿನ ಬಡ್ಡಿಯ ಆಸೆಗೆ ಪರಿಚಯಸ್ಥರ ಚೀಟಿ, ನೋಂದಣಿಯಿಲ್ಲದ ಯೋಜನೆಗಳಿಗೆ ಮಗುವಿನ ಹಣ ಹಾಕುವುದು ಸಲ್ಲದು. ಬ್ಯಾಂಕ್ ಠೇವಣಿಗೆ 2020ರ ಫೆಬ್ರುವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ರೂ. 5 ಲಕ್ಷದವರೆಗೆ ವಿಮೆಯಿದೆ. ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಈ ರಕ್ಷಣೆ ಇಲ್ಲ. ಹೆಸರಿನಲ್ಲಿ ‘ಸಹಕಾರಿ’ ಎಂದಿರುವ ಸಂಸ್ಥೆ ಬ್ಯಾಂಕೋ, ಸಂಘವೋ ಎಂದು ಕೇಳಿ ತಿಳಿಯಬೇಕು. ಮಗುವಿನ ಹೆಸರಿನ ತೆರಿಗೆಯುಕ್ತ ಬಡ್ಡಿ ಸಾಮಾನ್ಯವಾಗಿ ತಂದೆ-ತಾಯಿಯರಲ್ಲಿ ಹೆಚ್ಚು ಆದಾಯವುಳ್ಳವರ ಲೆಕ್ಕಕ್ಕೆ ಸೇರುತ್ತದೆ. ಸುಕನ್ಯಾ ಸಮೃದ್ಧಿ ಮತ್ತು ಪಿಪಿಎಫ್ ಬಡ್ಡಿಗೆ ತೆರಿಗೆಯಿಲ್ಲ.

ಹಣ ಯಾವಾಗ ಬೇಕು ಎಂಬುದನ್ನು ಮೊದಲು ನಿರ್ಧರಿಸಿ, ನಂತರ ಯೋಜನೆ ಆರಿಸುವುದು ಜಾಣತನ. ನಡುವೆ ಮನೆಯ ಅಡಚಣೆಗೆ ತೆಗೆಯಬೇಕಾಗಬಹುದಾದ ಮೊತ್ತವನ್ನು ದೀರ್ಘಾವಧಿಯಲ್ಲಿ ಕಟ್ಟಿಹಾಕಬಾರದು.