ಸಂಡೂರಿನ ಬೆಟ್ಟದಲ್ಲಿ ಕತ್ತಿಹಲ್ಲಿನ ಬೆಕ್ಕು ಸಿಕ್ಕೀತೇ?

ಟಿ.ಬಿ. ಡ್ಯಾಂನಲ್ಲಿ ನನ್ನ ಬಳಿ ಓದಿ ಈಗ ಅಮೆರಿಕದಲ್ಲಿ ನೆಲೆಸಿರುವ ಶಿಷ್ಯನೊಬ್ಬ ತನ್ನ ಮಗಳ ಪ್ರಶ್ನೆಯೊಂದನ್ನು ನನಗೆ ಕಳುಹಿಸಿದ್ದಾನೆ. ವಸ್ತುಸಂಗ್ರಹಾಲಯದಲ್ಲಿ ಹಾಪ್ಲೊಫೋನಿಯಸ್ ಎಂಬ ಪ್ರಾಣಿಯ ತಲೆಬುರುಡೆಯನ್ನು ಕಂಡ ಆ ಮಗು, ‘ಅಜ್ಜನ ಊರಿನ ಬೆಟ್ಟದಲ್ಲೂ ಇದು ಸಿಗುತ್ತದೆಯೇ?’ ಎಂದಿತಂತೆ.

ಸುಮಾರು ಮೂರು ಕೋಟಿ ವರ್ಷಗಳಿಗೂ ಹಿಂದೆ ಉತ್ತರ ಅಮೆರಿಕದಲ್ಲಿ ಬದುಕಿದ್ದ ಪ್ರಾಣಿಯಿದು. ಮೇಲ್ದವಡೆಯಿಂದ ಕಠಾರಿಯಂತೆ ಇಳಿದ ಎರಡು ಕೋರೆಹಲ್ಲುಗಳು. 1851ರಲ್ಲಿ ಇದರ ಪಳೆಯುಳಿಕೆಯನ್ನು ಮೊದಲು ವರ್ಣಿಸಿದಾಗ ಜೋಸೆಫ್ ಲೀಡಿ ಇದನ್ನು ಮ್ಯಾಕೈರೋಡಸ್ ಎಂಬ ನಿಜವಾದ ಕತ್ತಿಹಲ್ಲಿನ ಬೆಕ್ಕಿನ ಕುಲಕ್ಕೇ ಸೇರಿಸಿದರು. ಹಲ್ಲು ನೋಡಿದವರು ಯಾರಾದರೂ ಹಾಗೆಯೇ ಮಾಡುತ್ತಿದ್ದರು. 1874ರಲ್ಲಿ ಎಡ್ವರ್ಡ್ ಕೋಪ್ ಇದಕ್ಕೆ ಬೇರೆ ಕುಲನಾಮವಿತ್ತರು. 1880ರಲ್ಲಿ ನಿಮ್ರಾವಿಡೇ ಎಂಬ ಪ್ರತ್ಯೇಕ ಕುಟುಂಬವನ್ನೇ ಹೆಸರಿಸಿದರು. ಗುಟ್ಟು ಹಲ್ಲಿನಲ್ಲಿಲ್ಲ, ಕಿವಿಯಲ್ಲಿದೆ. ಬೆಕ್ಕಿನ ಮಧ್ಯಕಿವಿಯ ಎಲುಬಿನ ಗೂಡನ್ನು ತೆಳುಗೋಡೆಯೊಂದು ಎರಡು ಕೋಣೆಗಳಾಗಿ ವಿಂಗಡಿಸುತ್ತದೆ. ಇವುಗಳಲ್ಲಿ ಆ ಬಗೆಯ ಗೋಡೆಯಿಲ್ಲ. ಬೇಟೆಯ ರೀತಿ ಒಂದಾದರೆ ಆಯುಧವೂ ಒಂದಾಗಬಹುದು, ವಂಶ ಒಂದಾಗಬೇಕಿಲ್ಲ. ಆದ್ದರಿಂದಲೇ ಇವಕ್ಕೆ ‘ಹುಸಿ’ ಎಂಬ ವಿಶೇಷಣ ಅಂಟಿಕೊಂಡಿತು. (ಪಾಪ, ಮೊದಲು ಬಂದ ಪ್ರಾಣಿಗೇ ಹುಸಿಯೆಂಬ ಹೆಸರು!)

ಇನ್ನು ನಮ್ಮ ಬೆಟ್ಟದ ಮಾತು. ಸಂಡೂರಿನ ಕಬ್ಬಿಣದ ಅದಿರಿನ ಬಂಡೆಗಳ ವಯಸ್ಸು ಸುಮಾರು 270 ಕೋಟಿ ವರ್ಷ. ಆಗ ಎಲುಬುಳ್ಳ ಜೀವಿಯೇ ಭೂಮಿಯ ಮೇಲಿರಲಿಲ್ಲ. ಅಲ್ಲಿ ಕಾಣಸಿಗುವುದು ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಶಿಲೆ. ಪ್ರಾಚೀನತೆಯಲ್ಲಿ ಅದರ ಮುಂದೆ ಹಾಪ್ಲೊಫೋನಿಯಸ್ ನಿನ್ನೆ ಹುಟ್ಟಿದ ಕೂಸು. ಕಣ್ಣು ಕೋರೈಸುವ ಹಲ್ಲಿಲ್ಲವೆಂದು ಅದನ್ನು ಕೇಳುವವರಿಲ್ಲ. ಅದಿರಿನ ಜೊತೆಗೆ ಇಂಥ ಎಷ್ಟು ಕಲ್ಲು ಲಾರಿಯೇರಿ ಹೋಯಿತೋ ಲೆಕ್ಕವಿಟ್ಟವರು ಯಾರು? 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ನೀಡಿದ್ದು ನಿಮಗೆ ನೆನಪಿರಬಹುದು.

ಎಲುಬು ಉಳಿಯಬೇಕಾದರೆ ಸುಣ್ಣಕಲ್ಲಿನ ಗುಹೆಯೋ ನದಿಯ ಹೂಳೋ ಬೇಕು. ಬಳ್ಳಾರಿ ಸೀಮೆಯ ಶಿಲೆಗಳನ್ನು ಅಳೆದು 1895ರಲ್ಲಿ ಗ್ರಂಥ ಬರೆದ ರಾಬರ್ಟ್ ಬ್ರೂಸ್ ಫೂಟ್ ಅವರೇ ಅದಕ್ಕೂ ಮೊದಲು, 1884ರ ಸುಮಾರಿಗೆ, ನಮ್ಮ ಪೂರ್ವದ, ಅಂದಿನ ಕರ್ನೂಲು ಜಿಲ್ಲೆಯ ಬಿಲ್ಲಸುರ್ಗಂ ಗುಹೆಗಳನ್ನು ಅಗೆಸಿದ್ದರು. ಆ ಎಲುಬುಗಳನ್ನು ಪರೀಕ್ಷಿಸಿದ ಲಿಡೆಕ್ಕರ್, ಅಳಿದುಹೋದ ಘೇಂಡಾಮೃಗವೊಂದಕ್ಕೆ ಕರ್ನೂಲಿನ ಹೆಸರನ್ನೇ ಇಟ್ಟರು. ನಿಜವಾದ ಕತ್ತಿಹಲ್ಲಿನ ಬೆಕ್ಕಿಗಾದರೆ ಶಿವಾಲಿಕ್ ಬೆಟ್ಟಗಳವರೆಗೆ ಹೋಗಬೇಕು. ಅಲ್ಲಿನ ಮೆಗಾಂಟೀರಿಯನ್‌ಗೆ ಹ್ಯೂ ಫಾಲ್ಕನರ್ ಹೆಸರಿದೆ.

ಮಗುವಿಗೆ ಹೀಗೆ ಬರೆದಿದ್ದೇನೆ: ಬೇಸಿಗೆ ರಜೆಗೆ ಬಾ, ಬೆಕ್ಕಿಗಿಂತ ತೊಂಬತ್ತು ಪಟ್ಟು ಹಳೆಯ ಕಲ್ಲನ್ನು ಮುಟ್ಟಿ ನೋಡುವಿಯಂತೆ.