ಹಳೆಯ ಕ್ರಿಯಾರೂಪ, ಹೊಸ ಕಾವ್ಯ

ಹೊಸಗನ್ನಡ ಪದ್ಯದಲ್ಲಿ ಹಳೆಯ ಕ್ರಿಯಾಪದವೊಂದು ಕಂಡ ಕೂಡಲೇ ಅದನ್ನು ಪಾಂಡಿತ್ಯದ ಆಡಂಬರವೆಂದು ತಳ್ಳಿಹಾಕುವ ರೂಢಿ ಈಚೆಗೆ ಬಲವಾಗಿದೆ. ಇದಕ್ಕೆ ಕೋಲಾರ ಸೀಮೆಯ ಇಬ್ಬರನ್ನೇ ಸಾಕ್ಷಿಗೆ ಕರೆಯುತ್ತಾರೆ: ಮಾಲೂರು ತಾಲ್ಲೂಕಿನ ಮಾಸ್ತಿ (ಜನನ 1891) ಆಡುಮಾತಿನವರು, ಮುಳಬಾಗಿಲಿನ ಡಿ.ವಿ.ಜಿ. (ಜನನ 1887) ಹಳಗನ್ನಡದವರು. ಕ್ರಿಯಾರೂಪಗಳು ನಡೆದು ಬಂದ ದಾರಿಯನ್ನು ನೋಡಿದರೆ ಈ ವಿಂಗಡಣೆ ನಿಲ್ಲುವುದಿಲ್ಲ.

5ನೇ ಶತಮಾನದ ಹಲ್ಮಿಡಿ ಶಾಸನದಲ್ಲೇ ‘ಕೊಟ್ಟಾರ್’ ಇದೆ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಭೂತಕ್ಕೆ ದ, ಭವಿಷ್ಯಕ್ಕೆ ವ, ವರ್ತಮಾನಕ್ಕೆ ದಪ ಎಂದು ಕಟ್ಟು ಹಾಕಿಕೊಟ್ಟ. ಆದರೆ ಮಾತು ಕಟ್ಟಿನೊಳಗೆ ನಿಲ್ಲಲಿಲ್ಲ, ಪಕಾರ ಹಕಾರವಾಯಿತು. ‘ಅಪ್ಪುದು’ ‘ಅಹುದು’ ಆಗಿ ‘ಹೌದು’ ಆಯಿತು. ‘ಬರ್ಪುದು’ ‘ಬಹುದು’ ಆಯಿತು. ಇನ್ನೊಂದು ದಾರಿಯಲ್ಲಿ ‘ಬೇಳ್ಕುಂ’ ಸವೆದು ‘ಬೇಕು’ ಆಯಿತು. ಮಾಲೂರಿನ ಸಂತೆಯಲ್ಲಿ ‘ಹೌದು, ಬೇಕು, ಕೊಡಬಹುದು’ ಎಂದವರು ಮೂರು ಹಳೆಯ ಕ್ರಿಯಾರೂಪಗಳನ್ನು ಆಡಿದಂತಾಯಿತು. ಇಂಗ್ಲಿಷಿನ ‘ಗೋಯೆತ್’ನಂಥ ರೂಪಗಳು 1611ರ ಬೈಬಲಿನಲ್ಲಿ ಉಳಿದು ದಿನದ ಮಾತಿನಿಂದ ಮರೆಯಾದವು. ಅವುಗಳ ಜೊತೆ ನಮ್ಮ ರೂಪಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

19ನೇ ಶತಮಾನದ ಕೊನೆಗೆ ಮುದ್ದಣ ‘ಶ್ರೀರಾಮಾಶ್ವಮೇಧಂ’ನಲ್ಲಿ ಗಂಡಹೆಂಡಿರ ಸಲ್ಲಾಪಕ್ಕೇ ಹಳಗನ್ನಡ ಗದ್ಯವನ್ನು ಒಗ್ಗಿಸಿದ. ಬಿ.ಎಂ.ಶ್ರೀ. ರನ್ನನ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿಸಿ ಆ ರೂಪಗಳನ್ನು ರಂಗಕ್ಕೆ ತಂದರು. ಕುವೆಂಪು 1949ರ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಹಳೆಯದನ್ನೂ ಹೊಸದನ್ನೂ ಬೆರೆಸಿದರು. ನನ್ನ ಎಣಿಕೆಯಲ್ಲಿ ಇವರೆಲ್ಲರಿಗಿಂತ ಸೂಕ್ಷ್ಮವಾಗಿ ಆಯ್ದು ಬಳಸಿದವರು ಡಿ.ವಿ.ಜಿ. 1943ರ ‘ಮಂಕುತಿಮ್ಮನ ಕಗ್ಗ’ದ ಪದ್ಯಗಳು ಐದು ಮಾತ್ರೆಯ ಗಣಗಳಲ್ಲಿ ನಡೆಯುತ್ತವೆ. ‘ನೋಡಿದರೆ’ ಎಂದರೆ ಐದು ಮಾತ್ರೆ, ಒಂದಿಡೀ ಗಣ ತುಂಬಿಹೋಯಿತು. ‘ನೋಡೆ’ ಎಂದರೆ ಮೂರೇ. ಉಳಿದ ಎರಡರಲ್ಲಿ ಇನ್ನೊಂದು ಮಾತು ಕೂರುತ್ತದೆ. ನಾಲ್ಕು ಸಾಲಿನಲ್ಲಿ ಒಂದು ವಿಚಾರವನ್ನು ಮುಗಿಸಬೇಕಾದವನಿಗೆ ಇದು ಸಣ್ಣ ಸಂಗತಿಯಲ್ಲ.

ಹಾಗಾದರೆ ಇದು ಛಂದಸ್ಸಿನ ಅನುಕೂಲವಷ್ಟೇ ಎನ್ನಬಹುದು. ಅಷ್ಟೇ ಆಗಿದ್ದರೆ ಕೈಗೆ ಸಿಕ್ಕ ಹಳೆಯ ರೂಪವೆಲ್ಲ ಒಳಗೆ ಬರಬೇಕಿತ್ತು. ನವೋದಯದವರು ‘ಮಾಡಿದಪಂ’ ಎಂಬ ದಪ ರೂಪದ ಗೋಜಿಗೆ ಹೆಚ್ಚಾಗಿ ಹೋಗಲಿಲ್ಲ. ಓದುಗನ ಕಿವಿಗೆ ಅದರ ನಂಟು ಕಡಿದಿತ್ತು. ‘ಅಹುದು’, ‘ಇಹುದು’ ಉಳಿದವು, ಅವುಗಳ ಮಕ್ಕಳು ಮನೆಮಾತಿನಲ್ಲಿ ಇದ್ದುದರಿಂದ. ಇನ್ನು ‘ಅರಿಯೆ’ ಎಂಬ ರೂಪವನ್ನು ನೋಡಿ. ಅದರಲ್ಲಿ ಕರ್ತೃವಿದ್ದಾನೆ, ಕ್ರಿಯೆಯಿದೆ, ನಿಷೇಧವಿದೆ; ಕಾಲದ ಗುರುತಿಲ್ಲ. ‘ನನಗೆ ಗೊತ್ತಿಲ್ಲ’ ಎಂದಾಗ ಅರಿಯದಿರುವವನು ಕರ್ತೃಸ್ಥಾನದಿಂದ ಸರಿದುಬಿಡುತ್ತಾನೆ. ಈ ನಷ್ಟವನ್ನು ಹೊಸ ರೂಪ ತುಂಬಿಕೊಡುವುದಿಲ್ಲ.

ಮಾಸ್ತಿಯವರ ಕಥೆಗಳ ಗದ್ಯ ತಿಳಿಯಾದ ಮಾತು, ಅದರಲ್ಲಿ ಎರಡು ಅಭಿಪ್ರಾಯವಿಲ್ಲ. ಆದರೆ ಅವರ ಒಂದು ಕವನಸಂಕಲನಕ್ಕೆ ಅವರೇ ಇಟ್ಟ ಹೆಸರು ‘ಬಿನ್ನಹ’. ಅದು ನಾಮಪದವಾದರೂ ‘ಬಿನ್ನಪ’ದ ಪಕಾರ ಹಕಾರವಾದ, ‘ಅಹುದು’ ನಡೆದ ದಾರಿಯಲ್ಲೇ ಬಂದ ಮಾತು. ಒಬ್ಬರು ಕಥೆಗೆ ಬೇಕಾದುದನ್ನು ಆಯ್ದರು, ಇನ್ನೊಬ್ಬರು ಚೌಪದಿಗೆ ಬೇಕಾದುದನ್ನು. ಇಬ್ಬರ ಕಣಜ ಒಂದೇ. ನಿಘಂಟುಗಳು ಶಬ್ದಗಳ ಅರ್ಥ ಹೇಳುತ್ತವೆ. ನವೋದಯದ ಯಾವ ಕವಿ ಯಾವ ಹಳೆಯ ಕ್ರಿಯಾರೂಪವನ್ನು ಉಳಿಸಿಕೊಂಡ, ಯಾವುದನ್ನು ಬಿಟ್ಟ ಎಂಬ ಪಟ್ಟಿ ಬೇರೆಯೇ ಆಗಬೇಕು. ಅಲ್ಲಿಯವರೆಗೆ, ಕಗ್ಗವನ್ನು ಪಾಠ ಹೇಳುವವರು ಭಾವಾರ್ಥಕ್ಕೆ ಕೈಹಾಕುವ ಮುಂಚೆ ಪದ್ಯದ ಕ್ರಿಯಾಪದವನ್ನು ಮಕ್ಕಳಿಂದ ಗಟ್ಟಿಯಾಗಿ ಹೇಳಿಸಲಿ, ಅದರ ಮಾತ್ರೆ ಎಣಿಸಲಿ.