ಹುಟ್ಟುವ ಹೊತ್ತಿನ ಉಸಿರುಗಟ್ಟು: ಚಿಕ್ಕಬಳ್ಳಾಪುರ ಸೀಮೆಯ ಹೆರಿಗೆ ಚರಿತ್ರೆಯ ಒಂದು ಎಳೆ

ಹೆರಿಗೆಯ ಚರಿತ್ರೆ ಬರೆದವರು ಬಾಣಂತಿಯರ ಸಾವನ್ನೂ ಶಿಶುಗಳ ಸಾವನ್ನೂ ಎಣಿಸಿದರು. ಹುಟ್ಟುವಾಗ ಉಸಿರುಗಟ್ಟಿ, ಬದುಕುಳಿದರೂ ಮಿದುಳಿಗೆ ಪೆಟ್ಟು ತಿಂದ ಮಕ್ಕಳು ಬಹುಪಾಲು ಲೆಕ್ಕದ ಹೊರಗೇ ಉಳಿದರು. ಕಷ್ಟದ ಹೆರಿಗೆಗೂ ಮಗುವಿನ ಕೈಕಾಲು ಸೆಟೆತಕ್ಕೂ ನಂಟಿದೆಯೆಂದು ವೈದ್ಯ ವಿಲಿಯಂ ಜಾನ್ ಲಿಟ್ಲ್ ಲಂಡನ್ನಿನಲ್ಲಿ ವಾದಿಸಿದ್ದು 1861ರಲ್ಲಿ.

2007ರವರೆಗೆ ಕೋಲಾರ ಜಿಲ್ಲೆಯ ಭಾಗವಾಗಿದ್ದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳು ಕನ್ನಡ-ತೆಲುಗು ಬೆರೆತ ಸೀಮೆ. ಹೆರಿಗೆ ಮಾಡಿಸುವವಳು ಇಲ್ಲಿ ಒಂದು ಮನೆಗೆ ಸೂಲಗಿತ್ತಿ, ಇನ್ನೊಂದು ಮನೆಗೆ ಮಂತ್ರಸಾನಿ. ಪಕ್ಕದ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಹೊಟ್ಟೆ ಮುಟ್ಟಿ ಮಗು ಹೇಗೆ ಮಲಗಿದೆಯೆಂದು ಹೇಳುವ ಆ ವಿದ್ಯೆ ದೊಡ್ಡದು. ಆದರೆ ಹೊಕ್ಕುಳಬಳ್ಳಿ ಮೊದಲೇ ಜಾರಿದಾಗ, ಮಾಸು ಅಕಾಲದಲ್ಲಿ ಕಳಚಿದಾಗ, ಗರ್ಭಕೋಶ ಹರಿದಾಗ ಮಗುವಿಗೆ ಉಳಿಯುವುದು ನಿಮಿಷಗಳು ಮಾತ್ರ. ಅಲ್ಲಿ ಎಂಥ ನುರಿತ ಕೈಯೂ ಸೋಲುತ್ತದೆ, ಬೇಕಾದದ್ದು ಶಸ್ತ್ರಚಿಕಿತ್ಸೆ. ಅಳದ ಮಗುವಿನ ಮುಖಕ್ಕೆ ತಣ್ಣೀರು ಚಿಮುಕಿಸುವುದು, ಬಳ್ಳಿ ಕೊಯ್ಯದೆ ಮಾಸನ್ನು ಬಿಸಿ ಮಾಡುವುದು ದೇಶದ ಹಲವೆಡೆ ದಾಖಲಾದ ರೂಢಿಗಳು. ಮಗುವಿಗೆ ಬೇಕಿದ್ದ ಗಾಳಿ ಇವುಗಳಿಂದ ದಕ್ಕುತ್ತಿರಲಿಲ್ಲ.

ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ನಿನ ಆಸ್ಪತ್ರೆ, ಅಂದರೆ ಇಂದಿನ ಸಿ.ಎಸ್.ಐ. ಆಸ್ಪತ್ರೆ, ತಲೆಯೆತ್ತಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ 1935ರಲ್ಲಿ ತೆರೆಯಿತು. 2005ರ ಜನನಿ ಸುರಕ್ಷಾ ಯೋಜನೆ, 2008ರ 108 ಆಂಬುಲೆನ್ಸ್ ಹೆರಿಗೆಯನ್ನು ಮನೆಯಿಂದ ಆಸ್ಪತ್ರೆಗೆ ತಂದವು. ಇದು ಸಣ್ಣ ಸಾಧನೆಯಲ್ಲ. ಆದರೂ ತಾಲ್ಲೂಕಿನಲ್ಲಿ ಅರಿವಳಿಕೆ ತಜ್ಞರಿಲ್ಲದ ರಾತ್ರಿ "ಬೆಂಗಳೂರಿಗೆ ಕರೆದುಕೊಂಡು ಹೋಗಿ" ಎಂದು ಚೀಟಿ ಬರೆದರೆ, ಅಪಾಯ ಆಂಬುಲೆನ್ಸ್ ಹತ್ತಿ ಹೆದ್ದಾರಿಗಿಳಿಯುತ್ತದೆ. ಚಿಂತಾಮಣಿಯಿಂದಾಗಲಿ ಗೌರಿಬಿದನೂರಿನಿಂದಾಗಲಿ ಅದು 70 ಕಿಲೋಮೀಟರಿಗೂ ಮಿಕ್ಕ ದಾರಿ.

ಉಸಿರುಗಟ್ಟಿದ ಮಗುವಿಗೆ ಯಾವುದು ನೆರವಾಗುತ್ತದೆ ಎಂಬುದಕ್ಕೆ ಕರ್ನಾಟಕವೂ ಪಾಲ್ಗೊಂಡ ಎರಡು ಪುರಾವೆಗಳು ನಮ್ಮ ಮುಂದಿವೆ. ಬೆಳಗಾವಿಯೂ ಒಂದು ಕೇಂದ್ರವಾಗಿದ್ದ, 2010ರಲ್ಲಿ ಪ್ರಕಟವಾದ ಆರು ದೇಶಗಳ ಅಧ್ಯಯನದಲ್ಲಿ ಹೆರಿಗೆ ಮಾಡಿಸುವವರಿಗೆ ನವಜಾತ ಶಿಶುವಿನ ಆರೈಕೆ ಕಲಿಸಲಾಯಿತು. ಸತ್ತು ಹುಟ್ಟಿದವೆಂದು ದಾಖಲಾಗುತ್ತಿದ್ದ ಶಿಶುಗಳು 1000ಕ್ಕೆ 23ರಿಂದ 15.9ಕ್ಕೆ ಇಳಿದವು. ಉಸಿರು ಕೊಟ್ಟಿದ್ದರೆ ಬದುಕಬಹುದಾಗಿದ್ದ ಮಕ್ಕಳನ್ನು ಹಿಂದೆ ಸತ್ತವೆಂದೇ ಬರೆದುಕೊಳ್ಳುತ್ತಿದ್ದರು ಎಂಬುದು ಇದಕ್ಕೆ ಸಿಗುವ ವಿವರಣೆ. ಈ ಅಂಕಿಯನ್ನು ಓದುವುದು ಸುಲಭವಲ್ಲ.

ಎರಡನೆಯದು, ಬೆಂಗಳೂರೂ ಸೇರಿ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳಲ್ಲಿ ನಡೆದ 'ಹೀಲಿಕ್ಸ್' ಪ್ರಯೋಗ. ಉಸಿರುಗಟ್ಟಿದ ಮಗುವಿನ ಮೈಯನ್ನು 72 ಗಂಟೆ 33.5 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗಿಡುವ ಚಿಕಿತ್ಸೆ ಶ್ರೀಮಂತ ದೇಶಗಳಲ್ಲಿ ಫಲ ಕೊಟ್ಟಿತ್ತು. 408 ಶಿಶುಗಳ ಈ ಪ್ರಯೋಗದಲ್ಲಿ ತಂಪಾಗಿಸಿದವರಲ್ಲಿ ಶೇ. 42, ಉಳಿದವರಲ್ಲಿ ಶೇ. 31 ಮಕ್ಕಳು ತೀರಿಕೊಂಡರೆಂದು 2021ರಲ್ಲಿ ವರದಿಯಾಯಿತು. ಅಂದಮೇಲೆ ಹುಟ್ಟಿದ ನಂತರದ ದುಬಾರಿ ಯಂತ್ರವನ್ನು ನೆಚ್ಚಿ ಕೂರುವಂತಿಲ್ಲ. ಬೇನೆ ಜೋರಾದ ಮೇಲೆ ಅರ್ಧ ಗಂಟೆಗೊಮ್ಮೆ, ಮಗು ಹೊರಬರುವ ಹಂತದಲ್ಲಿ ಐದು ನಿಮಿಷಕ್ಕೊಮ್ಮೆ ಮಗುವಿನ ಎದೆಬಡಿತ ಕೇಳುವ ಶುಶ್ರೂಷಕಿ, ಹಾಸಿಗೆ ಪಕ್ಕದಲ್ಲೇ ಮಗುವಿಗೆ ಉಸಿರು ತುಂಬುವ ಅಂಬು ಬ್ಯಾಗ್ ಮತ್ತು ಮಾಸ್ಕ್, ರಾತ್ರಿಯೂ ಸಿಗುವ ಅರಿವಳಿಕೆ ತಜ್ಞರು: ಚಿಕ್ಕಬಳ್ಳಾಪುರ ಸೀಮೆಯ ಈ ನಾಲ್ಕೂ ಊರುಗಳ ಸರ್ಕಾರಿ ಆಸ್ಪತ್ರೆಗಳಿಗೆ ಸರ್ಕಾರ ಮೊದಲು ಕೊಡಬೇಕಾದದ್ದು ಇವನ್ನೇ.